ನಿರೂಪಕರ ಮೇಜಿನ ಚಹಾ

"ಅಯ್ಯೋ, ಕೆಟ್ಟೆ! ಯಾರೋ ಚಿತ್ರದ ಮೇಲೆ ಚಹಾ ಸುರಿದಿದ್ದಾರೆ!"

ನಿರೂಪಕರ ಕೂಗು ಕೇಳಿ ನಾನೂ ನನ್ನ ಭಾವನೂ ವೇದಿಕೆಗೆ ಓಡಿದೆವು. ಚಿತ್ರೀಕರಣ ನೋಡಲು ಬಂದಿದ್ದ ಭಾವ ಪತ್ತೇದಾರರು, ನಾನು ಅವರ ಬಾಲ. ಹೊಟ್ಟೆಪಾಡಿಗೆ, ತಡರಾತ್ರಿ ಪ್ರಸಾರವಾಗುವ ಈ ವಿಡಂಬನೆಯ ಕಾರ್ಯಕ್ರಮಕ್ಕೆ ಜೋಕು ಬರೆಯುತ್ತಿದ್ದೆ. ಚಿತ್ರೀಕರಣ ಮಾತ್ರ ಸಂಜೆಗೇ ನಡೆಯುತ್ತಿತ್ತು.

ಅಂದಿನ ಅತಿಥಿಗಳು ಹೆಸರಾಂತ ಕಲಾವಿದ ಮತ್ತು ಒಬ್ಬ ಪತ್ರಕರ್ತೆ. ಬಹುಮಾನ ಗೆದ್ದ ಅವನ ಜಲವರ್ಣ ಚಿತ್ರವನ್ನು ಮೇಜಿನ ಪಕ್ಕದಲ್ಲೇ ನಿಲ್ಲಿಸಿದ್ದೆವು. ಈಗ ಅದರ ಒಂದು ಮೂಲೆ ತೊಯ್ದು ತೊಪ್ಪೆಯಾಗಿತ್ತು. ಕೆಳಗೆ ಮೇಜಿನ ಚಹಾ ಕಪ್ಪೊಂದು ಉರುಳಿತ್ತು.

"ಇವಳದೇ ಕೆಲಸ!" ಎಂದು ಕಲಾವಿದ ಪತ್ರಕರ್ತೆಯತ್ತ ಬೆರಳು ತೋರಿಸಿದ. "ದೀಪ ಹೊಂದಿಸೋವಾಗ ಮೇಕಪ್ ಕೋಣೆ ಟಿವೀಲಿ ಕಣ್ಣಾರೆ ನೋಡಿದೆ. ಇಲ್ಲೇ ಕೂತು ಇದೇ ಕಪ್ಪಲ್ಲಿ ಚಹಾ ಹೀರ್ತಿದ್ದಳು. ಎಲ್ಲರೂ ಆಚೆ ಹೋದಾಗ ಉಳಿದಿದ್ದನ್ನ ಸುರಿದಿದ್ದಾಳೆ!"

"ನಾನ್ಯಾಕೆ ಸುರೀಲಿ?" ಎಂದಳು ಅವಳು. "ಇದನ್ನ ಬರೆದಿದ್ದು ಇವರ ತಂಗಿ. ಆ ಮೂಲೇಲಿದ್ದ ಅವಳ ಪೆನ್ಸಿಲ್ ಸಹಿ ಮೇಲೆ ಇವರು ಬಣ್ಣ ಬಳಿದಿದ್ದಾರೆ. ಇವತ್ತು ಅದನ್ನೇ ಕೇಳೋಳಿದ್ದೆ, ಅದು ಇವರಿಗೂ ಗೊತ್ತಿತ್ತು. ಈಗ ನನ್ನನ್ನ ಆಚೆ ಕಳಿಸಿದರೆ ನನ್ನ ಕೆಲಸಾನೂ ಹೋಗತ್ತೆ, ಆ ಹುಡುಗಿ ಹೆಸರೂ ಹೋಗತ್ತೆ!"

"ಕಳಿಸದೆ ಇನ್ನೇನಮ್ಮಾ?" ಎಂದು ನಿರೂಪಕರು ತಲೆ ಮೇಲೆ ಕೈಹೊತ್ತರು.

ಭಾವ ಅಷ್ಟರಲ್ಲಿ ಮೇಜಿನ ಮೇಲಿದ್ದ ಇನ್ನೊಂದು ಕಪ್ಪನ್ನು ಎತ್ತಿ ತುಟಿಗಿಟ್ಟು, ಪೆಚ್ಚಾಗಿ ಕೆಳಗಿಟ್ಟರು. ಇಂಥ ಹೊತ್ತಲ್ಲೂ ಇವರಿಗೆ ಚಹಾದ ಚಪಲವೇ ಎಂದು ನನಗೆ ಸಿಟ್ಟೇ ಬಂತು. ಆಮೇಲೆ ಉರುಳಿದ್ದ ಕಪ್ಪಿನೊಳಗೆ ಬೆರಳಾಡಿಸಿ, ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿದರು.

"ಭಾಮೈದ, ಈ ಕಪ್ಪುಗಳಿಗೆ ಚಹಾ ಯಾವತ್ತು ಹಾಕ್ತೀರಪ್ಪಾ?"

ನಾನು ಹಣೆ ಚಚ್ಚಿಕೊಂಡೆ. "ಹಾಕೋದೇ ಇಲ್ಲ ಭಾವ! ಒಮ್ಮೆ ಮೈಕಿನ ಮೇಲೆ ಚೆಲ್ಲಿದ ಮೇಲೆ ಖಾಲಿ ಕಪ್ಪೇ ಇಡೋದು. ಬಂದೋರೆಲ್ಲ ಕುಡಿದ ಹಾಗೆ ನಟಿಸಬೇಕು. ಈ ಗಾಬರೀಲಿ ನಮಗ್ಯಾರಿಗೂ ಹೊಳೀಲೇ ಇಲ್ಲ!"

"ನನಗೂ ಹಾಗೇ ಹೇಳಿಕೊಟ್ಟಿದ್ದರು," ಎಂದಳು ಪತ್ರಕರ್ತೆ.

"ಅದನ್ನ ಟಿವೀಲಿ ನೋಡಿದೋರು ನಿಜ ಅಂದ್ಕೊಂಡರು," ಎಂದರು ಭಾವ. "ಉರುಳಿದ ಕಪ್ಪಿನ ಒಳಗೆ ಒಂದು ಹನಿ ಪಸೆ ಇಲ್ಲ. ಹಾಗಾದರೆ ಚಹಾ ಎಲ್ಲಿಂದ ಬಂತು?"

"ಮೇಕಪ್ ಕೋಣೇಲಿ ಮಾತ್ರ ಚಹಾ ಕೊಡ್ತೀವಿ," ನಿರೂಪಕರ ಬಾಯಿ ತೆರೆದೇ ಇತ್ತು. "ಅಲ್ಲಿದ್ದೋರು... ಇವರೊಬ್ಬರೇ."

"ಸಾಕ್ಷಿ ಎಲ್ಲಿ?" ಕಲಾವಿದ ಗುಡುಗಿದ.

"ನೀವೇ ತೊಳೆದು ಕೊಟ್ಟಿದ್ದೀರಲ್ಲಾ ಸ್ವಾಮಿ!" ಭಾವ ಕರವಸ್ತ್ರದಿಂದ ಆ ಒದ್ದೆ ಮೂಲೆಯನ್ನು ಮೆಲ್ಲಗೆ ಒತ್ತಿದರು. "ಬಿಸಿ ಚಹಾಕ್ಕೆ ಮೇಲೆ ಬಳಿದ ಬಣ್ಣ ಬಿಡತ್ತೆ, ಪೆನ್ಸಿಲ್ ಗೀಟು ಬಿಡಲ್ಲ. ಜಲವರ್ಣದಲ್ಲಿ ಕೈ ಪಳಗಿದೋರಿಗೆ ಇಷ್ಟು ಗೊತ್ತಿರಬೇಕಿತ್ತು."

ಬಣ್ಣ ಎದ್ದುಬಂದ ಜಾಗದಲ್ಲಿ ತಂಗಿಯ ಹೆಸರು ಅಚ್ಚಳಿಯದೆ ಕಂಡಿತು. ನನಗೆ ಖುಷಿಗೆ ಕುಣಿಯುವಂತಾಯಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಕಲಾವಿದ ಕುರ್ಚಿಯಲ್ಲಿ ಕುಸಿದ.

ಚಿತ್ರೀಕರಣ ನಿಲ್ಲಲಿಲ್ಲ. ಅಣ್ಣನ ಕುರ್ಚಿಗೆ ತಂಗಿ ಬಂದಳು; ಅವಳು ಹೊರಗೆ ಕಾಯುತ್ತಿದ್ದ ಪ್ರೇಕ್ಷಕರ ನಡುವೆಯೇ ಇದ್ದಳಂತೆ. ಪತ್ರಕರ್ತೆ ಕೇಳಿದ್ದು ಒಂದೇ ಪ್ರಶ್ನೆ: "ಈ ಚಿತ್ರ ಯಾರದಮ್ಮಾ?"

ಹುಡುಗಿ ಮುಂದಿದ್ದ ಕಪ್ಪನ್ನೆತ್ತಿ ಹೇಳಿಕೊಟ್ಟಂತೆ ತುಟಿಗಿಟ್ಟವಳು ಬೆಚ್ಚಿ ನಿರೂಪಕರನ್ನು ನೋಡಿದಳು. ಕಪ್ಪಿನ ತುಂಬ ಬಿಸಿ ಚಹಾ ಇತ್ತು. "ಕುಡಿಯಮ್ಮಾ, ಮೈಕು ಹಾಳಾದರೆ ಆಗಲಿ," ಎಂದರು ಅವರು.

ಅವಳು ಒಂದು ಗುಟುಕು ಕುಡಿದು, "ನಂದು," ಎಂದಳು.