ಹದಿನೇಳನೇ ಕುದುರೆ

"ಏಯ್ ಗುಬ್ಬಿ, ನಿನ್ನ ಕುದುರೆ ನನ್ನ ಕುದುರೆಗೆ ಡಿಕ್ಕಿ ಹೊಡೀತಾ ಇದೆ ನೋಡು" ಎಂದ ಸೋಡಾಬುಡ್ಡಿ, ಕನ್ನಡಕ ಮೇಲೇರಿಸುತ್ತ.

ಗುಬ್ಬಿ ನೋಡಿದಳು.

ಕಡಲ ದಂಡೆಯ ಗೋಡೆಯ ಮೇಲೆ ಅವರ ಕ್ಲಾಸಿನ ಇಪ್ಪತ್ನಾಲ್ಕು ಮಕ್ಕಳ ಟೈಲ್‌ಗಳು ದುಂಡಗೆ ಕೂತಿದ್ದವು. ಒಂದೊಂದರಲ್ಲಿ ಒಂದು ಕುದುರೆ. ಇಪ್ಪತ್ಮೂರು ಕುದುರೆಗಳು ಒಂದೇ ದಿಕ್ಕಿಗೆ ಓಡುತ್ತಿದ್ದವು. ಅವಳ ಹದಿನೇಳನೆಯದು ಮಾತ್ರ ಸೋಡಾಬುಡ್ಡಿಯ ಹದಿನಾರನೆಯದಕ್ಕೆ ಮೂತಿಗೆ ಮೂತಿ ಕೊಟ್ಟು ನಿಂತಿತ್ತು.

ಎಲ್ಲಿ ತಪ್ಪಾಯಿತೆಂದು ಅವಳಿಗೆ ಹೊಳೆಯಿತು. ಕುದುರೆ ಚಕ್ರದ ಹಳೇ ಫೋಟೊ ಮೇಲೆ ತೆಳು ಕಾಗದ ಇಟ್ಟು ಕುದುರೆಯನ್ನು ತಿದ್ದಿಕೊಂಡಿದ್ದಳು. "ಕಾಗದದ ಹಿಂಬದಿಗೂ ತಿದ್ದಿ, ಆ ಬದಿಯನ್ನು ಟೈಲ್ ಮೇಲಿಟ್ಟು ಉಜ್ಜಿ" ಎಂದು ಡ್ರಾಯಿಂಗ್ ಮಿಸ್ ಹೇಳಿದ್ದರು. ಗುಬ್ಬಿ ಅವಸರದಲ್ಲಿ ಮುಂಬದಿಯನ್ನೇ ಕವುಚಿ ಹಾಕಿ ಉಜ್ಜಿದ್ದಳು. ಕನ್ನಡಿಯಲ್ಲಿ ಆದಂತೆ ಎಡ ಬಲವಾಗಿತ್ತು. ಟೈಲ್ ಒಂಟಿಯಾಗಿದ್ದಾಗ ಯಾರಿಗೂ ಗೊತ್ತಾಗಲಿಲ್ಲ.

"ಮಾಮ, ಇದನ್ನ ತಿರುಗಿಸೋಕಾಗುತ್ತಾ?" ಗಾರೆ ಮೇಸ್ತ್ರಿಯನ್ನು ಕೇಳಿದಳು.

"ತಿರುಗಿಸಿದ್ರೆ ಕುದುರೆ ಕಾಲು ಮೇಲೆ ಮಾಡುತ್ತೆ ಕಣಮ್ಮ. ಕೀಳೋಕೆ ಹೋದ್ರೆ ಪಕ್ಕದ್ದೂ ಒಡೆಯುತ್ತೆ. ಸಿಮೆಂಟು ಹಿಡಿದಾಯ್ತು."

ಇಲ್ಲಿ ಹಿಂದೆ ಒಂದು ಅಮ್ಯೂಸ್‌ಮೆಂಟ್ ಪಾರ್ಕ್ ಇತ್ತು. ಕಡಲು ದಡ ಕೊರೆಯುತ್ತ ಬಂದು ಅದನ್ನು ನುಂಗಿತು. ಅದರ ನೆನಪಿಗೇ ಈ ಗೋಡೆ. ಪಾರ್ಕಿನಲ್ಲಿ ಕುದುರೆಗಳ ಚಕ್ರವನ್ನು ಇಪ್ಪತ್ತೆರಡು ವರ್ಷ ನಡೆಸಿದವನು ಗುಬ್ಬಿಯ ಅಜ್ಜ. ನಾಳೆ ಬೆಳಿಗ್ಗೆ ಗೋಡೆಯ ಪರದೆ ಸರಿಸುವವನೂ ಅವನೇ.

ಸಂಜೆ ಅಜ್ಜ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. ಕಾಲರಿಗೆ ಮೂರು ಸಲ.

"ನಾಳೆ ತುಂಬಾ ಬಿಸಿಲಂತೆ ಅಜ್ಜ. ನಿನಗೆ ತಲೆನೋವು ಬರುತ್ತೆ."

"ಬರಲಿ ಬಿಡು, ಒಂದು ಮಾತ್ರೆ ನುಂಗಿದ್ರಾಯ್ತು."

"ಗೋಡೆಯ ಫೋಟೊ ತೆಗೆದು ತಂದು ತೋರಿಸ್ಲಾ?"

"ಫೋಟೊದಲ್ಲಿ ಏನು ಗೊತ್ತಾಗುತ್ತೆ? ಎದುರು ನಿಂತರೆ ಒಂದು ನಟ್ಟು ಸಡಿಲ ಇದ್ದರೂ ನನ್ನ ಕಣ್ಣಿಗೆ ಬೀಳುತ್ತೆ."

ರಾತ್ರಿ ಗುಬ್ಬಿ ತಟ್ಟೆಯಲ್ಲಿ ಅನ್ನ ಹಾಗೇ ಬಿಟ್ಟು ಎದ್ದಳು.

ಮರುದಿನ ಅಜ್ಜ ಪರದೆ ಎಳೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಚಪ್ಪಾಳೆಯ ಕಡೆ ತಿರುಗದೆ ಬೆರಳಿಟ್ಟು ಎಣಿಸತೊಡಗಿದ. ಒಂದು, ಎರಡು... ಹದಿನಾಲ್ಕು... ಬೆರಳು ಹದಿನೇಳರ ಮೇಲೆ ನಿಂತಿತು.

ಹಿಂದಿನಿಂದ ಯಾರೋ ಕಿಸಕ್ಕೆಂದರು.

"ಅಜ್ಜ, ಅದು ನಂದು" ಎಂದಳು ಗುಬ್ಬಿ. "ಕಾಗದ ಕವುಚಿ ಹಾಕಿಬಿಟ್ಟೆ. ನಿನ್ನೇನೇ ಗೊತ್ತಾಯ್ತು. ಹೇಳಲಿಲ್ಲ."

ಅಜ್ಜ ಬಗ್ಗಿ ನೋಡಿದ.

"ತಪ್ಪೇ ಮತ್ತೆ" ಎಂದ. "ಇದರ ಮೇಲೆ ಕೂತವನಿಗೆ ತಲೆ ತಿರುಗೋದು ಖಂಡಿತ."

ಆಮೇಲೆ ಅವನ ಬೆರಳು ಹದಿನೇಳರಿಂದ ಹಿಂದಕ್ಕೆ ಹೊರಟಿತು. ಹದಿನಾರು, ಹದಿನೈದು, ಹದಿನಾಲ್ಕು.

"ಚಕ್ರ ಹೊರಟ ಮೇಲೆ ನಾನೂ ಅದರ ಹಲಗೆ ಮೇಲೆ ಹೀಗೇ ನಡೀತಿದ್ದೆ. ಕುದುರೆಗಳ ಎದುರುಗಡೆಯಿಂದ."

"ಯಾಕೆ? ಬೀಳಲ್ವಾ?"

"ಮೊದಮೊದಲು ಬಿದ್ದಿದ್ದೀನಿ. ಆದರೆ ಹಿಂದೆ ಹಿಂದೆ ಹೋದ್ರೆ ಬರೀ ಬೆನ್ನು ಕಾಣುತ್ತೆ. ಯಾವ ಮಗು ಹೆದರಿದೆ ಅಂತ ಮುಖ ನೋಡಿದ್ರೆ ತಾನೇ ಗೊತ್ತಾಗೋದು?"

ಗುಬ್ಬಿ ತಲೆ ಎತ್ತಿದಳು. ಅಜ್ಜ ಈಗ ಗೋಡೆಯನ್ನು ನೋಡುತ್ತಿರಲಿಲ್ಲ. ಅವಳ ಎದುರಿಗೆ ಬಂದು ನಿಂತಿದ್ದ.

"ರಾತ್ರಿ ತಟ್ಟೆ ಹಾಗೇ ಇತ್ತು" ಎಂದ ಮೆಲ್ಲಗೆ. "ಈಗ ಹಸಿವಾಗ್ತಿದೆಯಾ?"

ಅವಳು ಹೂಂ ಎಂದು ತಲೆ ಆಡಿಸಿದಳು. ಹೊರಡುವ ಮುಂಚೆ ಒಮ್ಮೆ ಗೋಡೆಯ ಕಡೆ ತಿರುಗಿದಳು. ಸೋಡಾಬುಡ್ಡಿಯ ಕುದುರೆಗೆ ಎಷ್ಟು ದೊಡ್ಡ ಕಣ್ಣಿತ್ತು. ನಿನ್ನೆ ಅವಳು ಅದನ್ನು ಗಮನಿಸಿಯೇ ಇರಲಿಲ್ಲ. ಅವಳ ಕುದುರೆ ಮಾತ್ರ ನಿನ್ನೆಯಿಂದಲೂ ಆ ಕಣ್ಣನ್ನೇ ನೋಡುತ್ತಿತ್ತು.