ಕಣಗಲಾ ಗ್ಯಾರೇಜಿನ ಕೆಂಪು ಕಾರು

“ಡುಪ್ಲಿಕೇಟ್ ಬ್ರೇಕ್ ಪ್ಯಾಡ್ ತಂದು ಒರಿಜಿನಲ್ ಡಬ್ಬ್ಯಾಗ ತುಂಬಿ ಕೊಡ್ತಿಯೇನಲೇ ಮಾಳ್ಯಾ? ಯಾರರ ಸತ್ರ ಹೆಣಾ ನೀ ಹೊರ್ತಿ?”

ನೇತ್ರಾ ಪ್ಯಾಡುಗಳನ್ನು ಮಾಳೂನ ಮೋರೆಗೆ ಎಸೆದಳು. ಅವನ ತುಟಿ ಒಡೆಯಿತು. ಅಷ್ಟಕ್ಕೂ ಸಿಟ್ಟು ಇಳಿಯದೆ ಚಕ್ರ ಬಿಚ್ಚುವ ಪಾನಾ ಎತ್ತಿ ಬೀಸಿ ಒಗೆದಳು.

ಸ್ಪೇರ್ ಪಾರ್ಟ್ಸ್ ಮಾರುವ ಮಾಳು ಚುರುಕಿನವ. ಬಗ್ಗಿದ. ಪಾನಾ ಅವನ ಹಿಂದೆ ಬಾಗಿಲಲ್ಲಿ ನಿಂತಿದ್ದವನ ಹುಬ್ಬನ್ನು ಸೀಳಿಕೊಂಡು ಹೋಯಿತು!

“ಅಯ್ಯ... ಯಾರ್ರಿ ನೀವು? ನಡುವ ಯಾಕ ಬಂದ್ರಿ?”

“ಗಾಡಿ ತೋರಸಾಕ ಬಂದಿದ್ನಿರಿ,” ಎಂದ ಅವನು, ಕಣ್ಣಿಗಿಳಿಯುವ ರಕ್ತ ಒರೆಸಿಕೊಳ್ಳುತ್ತ. “ಗಿರಾಕಿಗಳಿಗೆಲ್ಲ ಹಿಂಗ ನಮಸ್ಕಾರ ಮಾಡ್ತೀರೇನ್ರಿ?”

ನೇತ್ರಾಳಿಗೆ ಅಳು ಬರಬೇಕಿತ್ತು, ನಗು ಬಂತು. ಮಾಳು ಆ ಸಂದಿನಲ್ಲಿ ಓಡಿಹೋದ. ಅವಳು ಅರಿಷಿಣ ತಂದು ಗಾಯಕ್ಕೆ ಒತ್ತಿದಳು. ಅವನು ಕದಲದೆ ಅವಳನ್ನೇ ನೋಡುತ್ತಿದ್ದ.

ಅವನು ಮೂಡಲಗಿಯ ಗುರುಪಾದ. ಪುಣೆಯಿಂದ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು ತಂದಿದ್ದ. ಕೊಲ್ಹಾಪುರದ ಟ್ರ್ಯಾಕಿನಲ್ಲಿ ಅದನ್ನು ಓಡಿಸಬೇಕೆಂಬ ಹಟ. ರೇಸಿಗೆ ಕಾರು ಸಜ್ಜು ಮಾಡಬಲ್ಲವಳು ಆ ಸೀಮೆಯಲ್ಲಿ ಒಬ್ಬಳೇ, ಹೆದ್ದಾರಿ ಬದಿಯ ಕಣಗಲಾದ ನೇತ್ರಾ.

ಆರು ವಾರ ಇಬ್ಬರೂ ಆ ಕಾರಿಗೇ ಅಂಟಿಕೊಂಡರು. ಕಾರು ಉರುಳಿದರೂ ಜೀವ ಉಳಿಯಲೆಂದು ಒಳಗೆ ಕಬ್ಬಿಣದ ಪಂಜರ ಬೆಸೆದರು. ಚಕ್ರ ಅಲುಗದಂತೆ ಹಿಡಿಯುವ ಬುಷ್‌ಗಳನ್ನು ಗೋಕಾಕದ ಲೇತಿನಲ್ಲಿ ಕಡೆಸಿ ತಂದರು. ಬ್ರೇಕಿನ ಡಿಸ್ಕು, ಪ್ಯಾಡು ಎಲ್ಲ ಹೊಸದು. ಒಂದೊಂದನ್ನೂ ನೇತ್ರಾ ತಿರುವಿ ತಿರುವಿ ನೋಡಿಯೇ ಹಾಕಿದಳು.

“ಬ್ಯಾಟರಿ ನನ್ನ ಮುಖಕ್ಕ ಯಾಕ ಹಿಡದೀರಿ? ಕೆಲಸ ಕೆಳಗೈತಿ.”

“ಎಲ್ಲಿ ಬೀಳಬೇಕಂತ ಬೆಳಕಿಗೆ ಗೊತ್ತೈತಿ ಬಿಡ್ರಿ.”

“ಹುಚ್ಚ ಐತಿ ನಿಮಗ!” ಎಂದು ಕಾರಿನ ಕೆಳಗೆ ಸರಿದಳು. ಅಲ್ಲಿ ಯಾರಿಗೂ ಕಾಣದಂತೆ ನಕ್ಕಳು.

ಅಮಾವಾಸ್ಯೆಯ ಬೆಳಿಗ್ಗೆ ಗುರುಪಾದನ ತಂದೆ ಸೋಮಪ್ಪ ಪೂಜೆಗೆಂದು ಬಂದ. ಪ್ರಾಯದಲ್ಲಿ ಎತ್ತಿನ ಬಂಡಿ ಓಡಿಸುವ ಶರ್ಯತ್ತಿನಲ್ಲಿ ಹೆಸರು ಮಾಡಿದ ಮನುಷ್ಯ.

“ಗ್ರೀಸ್ ಕೈಲೆ ಪೂಜಿ ಬ್ಯಾಡವ್ವ. ಜಳಕ ಮಾಡ್ಕೊಂಡ ಬಾ,” ಎಂದ.

ಗುರುಪಾದ ಕಾರು ಹೇರುವ ಲಾರಿ ಕರೆತರಲು ಹೋಗಿದ್ದ. ನೇತ್ರಾ ಸ್ನಾನ ಮುಗಿಸಿ ಬಂದಾಗ ಮುದುಕ ಚಕ್ರಗಳಿಗೆ ವಿಭೂತಿ ಹಚ್ಚಿ, ಧೋತರಕ್ಕೆ ಕೈ ಒರೆಸಿಕೊಳ್ಳುತ್ತಿದ್ದ.

ಹಂಗಾಮು ಮುಗಿದು ಬರಿದಾಗಿದ್ದ ಒಂದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಮೊದಲ ಓಟ. ಪೆಡಲ್ ಒತ್ತಿ ನೋಡಿದರು, ಗಟ್ಟಿಯಾಗಿತ್ತು. ಗುರುಪಾದ ಹೆಬ್ಬೆರಳೆತ್ತಿ ತೋರಿಸಿ ಹೊರಟ. ಕಾರು ಚೀರುತ್ತ ಅಂಗಳದ ತುದಿ ಮುಟ್ಟಿತು. ಬ್ರೇಕ್ ದೀಪ ಹತ್ತಿತು...

ಕಾರು ಮಾತ್ರ ನಿಲ್ಲಲಿಲ್ಲ!

ಕಬ್ಬು ತೂಗುವ ಕಟ್ಟೆಯ ಗೋಡೆಗೆ ಅಪ್ಪಳಿಸಿತು. ನೇತ್ರಾ ಓಡಿದಳು. ಮೊಣಕೈಯಿಂದ ಗಾಜು ಒಡೆದಳು; ಚೂರು ಮಾಂಸದೊಳಗೆ ಹೊಕ್ಕವು. ಯಾವ ರಕ್ತ ಯಾರದೆಂದು ತಿಳಿಯದಂತೆ ಅವನನ್ನು ಎಳೆದು ಎದೆಗಾನಿಸಿಕೊಂಡಳು.

“ನೇತ್ರಾ... ಬ್ರೇಕ್ ಹತ್ತಲಿಲ್ಲ,” ಎಂದ ಅವನು ಏದುತ್ತ. “ಮಾಳೂನ ಪ್ಯಾಡ್... ಹಾಕಿದ್ದೇನು?”

ಅವಳ ಕೈ ಸಡಿಲಾಯಿತು.

ಸಂಜೆ ಅವನ ಅಣ್ಣ ಬಸವಲಿಂಗ ಮೂವರನ್ನು ಕಟ್ಟಿಕೊಂಡು ಬಂದ. ಸಲಾಕಿಯಿಂದ ಗ್ಯಾರೇಜಿನ ಕಪಾಟು, ಗಾಜು, ಕಂಪ್ರೆಸರ್ ಎಲ್ಲ ಪುಡಿ ಮಾಡಿದ. ಬೆಂಚಿನ ಕೆಳಗೆ ಬ್ರೇಕ್ ಪ್ಯಾಡಿನ ಡಬ್ಬಿ ಸಿಕ್ಕಿತು. ಮಾಳು ತಂದಿದ್ದ ಡಬ್ಬಿ, ಖಾಲಿ.

“ಡುಪ್ಲಿಕೇಟ್ ಮಾಲ್ ಎಲ್ಲಿ ಹೋತ? ನನ್ನ ತಮ್ಮನ ಗಾಡಿಗೆ ಹಾಕಿ ಅವನ್ನ ಕೊಲ್ಲಾಕ ಹೊಂಟಿದ್ಯಾ?” ಎಂದು ಅವಳ ಜಡೆ ಹಿಡಿದು ಗೋಡೆಗೆ ನೂಕಿದ. ಅವಳು ಕೈಗೆ ಸಿಕ್ಕ ಸುತ್ತಿಗೆಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಅವನು ಕುಸಿದು, ಹಲ್ಲು ಕಡಿದ.

“ನಾಳೆ ಸಂಜಿಯೊಳಗ ಊರು ಬಿಡ್ಬೇಕ. ಇಲ್ಲಂದ್ರ ನಿನ್ನೂ ಗ್ಯಾರೇಜನ್ನೂ ಕೂಡೇ ಸುಡ್ತೀನಿ!”

ಅವರು ಹೋದ ಮೇಲೆ ಅವಳು ಗಾಜಿನ ಚೂರುಗಳ ನಡುವೆ ಕುಳಿತಳು. ‘ಗ್ಯಾರೇಜ್ ಮತ್ತ ಕಟ್ಟಬಹುದು. ಆದ್ರ ಆ ಮಾತು... ಅವನ ಬಾಯಾಗ ಹೆಂಗ ಬಂತು? ಅವನ ಕಣ್ಣ ಮುಂದ ಅಲ್ಲೇನು ಒಂದೊಂದೂ ಪ್ಯಾಡ್ ಹಾಕಿದ್ದು?’

ಬೆಳಗಾದ ಮೇಲೆ ಕಾರ್ಖಾನೆಯ ಅಂಗಳಕ್ಕೆ ಹೋಗಿ ನುಜ್ಜುಗುಜ್ಜಾದ ಕಾರಿನ ಚಕ್ರ ಬಿಚ್ಚಿದಳು. ಪ್ಯಾಡು ಕಚ್ಚಿ ಹಿಡಿಯಬೇಕಾದ ಬ್ರೇಕ್ ಡಿಸ್ಕು ಕಪ್ಪಾಗಿ ಜಿಗುಟಾಗಿತ್ತು. ಬೆರಳು ಒತ್ತಿ ಮೂಸಿದಳು.

ಕುಸುಬಿ ಎಣ್ಣೆ! ನಾಲ್ಕೂ ಚಕ್ರಕ್ಕೆ!

ಕಾರಿನ ಜೊತೆ ಒಂಟಿಯಾಗಿ ಇದ್ದವನು ಒಬ್ಬನೇ...

ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಘಟಪ್ರಭಾದ ಆಸ್ಪತ್ರೆಗೆ ಹೋದಳು. ಪಕ್ಕೆಲುಬಿಗೆ ಪಟ್ಟಿ ಬಿಗಿದುಕೊಂಡು ಗುರುಪಾದ ಒರಗಿದ್ದ. ಸೋಮಪ್ಪ ಮಗನಿಗೆ ಗಂಜಿ ಕುಡಿಸುತ್ತಿದ್ದ. ಬಸವಲಿಂಗ ಕುಂಟುತ್ತ ಅಡ್ಡ ಬಂದ.

“ಇನ್ನೂ ಏನ್ ಉಳದೈತಿ ನಿಂದು ಇಲ್ಲಿ?”

ನೇತ್ರಾ ಬಟ್ಟೆ ಬಿಚ್ಚಿದಳು. ಹೇಳಲು ಬಾಯಿ ತೆರೆದಳು. ಮುದುಕನ ಕೆಂಡದಂಥ ಕಣ್ಣು ಕಂಡವು. ಒಂದು ಗಳಿಗೆಯೂ ಮಲಗದ ಕಣ್ಣು. ಬಸವಲಿಂಗನ ಸಿಟ್ಟೂ ಕಂಡಿತು. ಹೇಳಿದರೆ ಆ ಮುದುಕ ಬದುಕಿಯಾನೇ?

“ನಂದ ತಪ್ಪಾತ್ರಿ,” ಎಂದಳು. “ಓಡಸೂ ಮೊದಲ ಮತ್ತೊಮ್ಮಿ ನೋಡಬೇಕಿತ್ತು. ನೋಡಲಿಲ್ಲ.”

ಬಸವಲಿಂಗನ ಕೈ ಅವಳ ಕೆನ್ನೆಗೆ ಬಿತ್ತು. ತುಟಿಯಿಂದ ರಕ್ತ ಇಳಿಯಿತು.

“ಅಣ್ಣಾ!” ಗುರುಪಾದ ನೋವಿಗೆ ಚೀರುತ್ತಲೇ ಎದ್ದ. “ಇನ್ನೊಮ್ಮಿ ಆಕಿನ್ನ ಮುಟ್ಟಿದ್ರ ನೋಡು!... ತಡಿ. ಆ ವಾಸನಿ... ಬ್ರೇಕ್ ಒತ್ತಿದಾಗ ಕಾರೊಳಗ ಒಗ್ಗರಣಿ ವಾಸನಿ ಬಂದಿತ್ತು. ನೇತ್ರಾ, ಅದಕ್ಕ ಎಣ್ಣಿ ಯಾರು ಹಾಕಿದ್ರು?”

ನೇತ್ರಾ ಡಿಸ್ಕಿಗೆ ಮತ್ತೆ ಬಟ್ಟೆ ಸುತ್ತತೊಡಗಿದಳು.

ಗಂಜಿಯ ಬಟ್ಟಲು ಬಿತ್ತು.

“ಆ ತಟ್ಟಿಗೆ... ಎಣ್ಣಿ ಹಾಕಬಾರದೇನವ್ವ?” ಸೋಮಪ್ಪನ ದನಿ ಒಡೆಯಿತು. “ನಲವತ್ತ ವರ್ಷ ಬಂಡಿ ಹೂಡೀನಿ. ಕೀಲೆಣ್ಣಿ ಹಾಕದ ಶರ್ಯತ್ತಿಗೆ ಇಳಿಸಿದಾಂವ ಅಲ್ಲ. ಗಾಲಿ ಸಂದ್ಯಾಗ ಆ ತಟ್ಟಿ ಒಣಾ ಒಣಾ ಕಂಡ್ವು. ಹುಡುಗಿ ಮರತಾಳ ಅಂತ... ಪೂಜಿಗೆ ತಂದ ಎಣ್ಣಿ ಬಾಟ್ಲಿ ಪೂರಾ ಸವರಿದ್ನಿ. ನನ್ನ ಮಗನ್ನ ನಾನ...”

ಎರಡೂ ಕೈಯಿಂದ ಹಣೆ ಹಣೆ ಬಡಿದುಕೊಳ್ಳತೊಡಗಿದ. ನೇತ್ರಾ ಹಾರಿ ಆ ಕೈ ಹಿಡಿದಳು.

“ಬ್ಯಾಡ್ರಿ ಕಾಕಾ! ಮಗಾ ಗೆಲ್ಲಲಿ ಅಂತ ಹಾಕೀರಿ. ಇದಕ್ಕ ಎಣ್ಣಿ ಆಗೂದಿಲ್ಲಂತ ನಾ ನಿಮಗ ಹೇಳಬೇಕಿತ್ತು.”

ಬಸವಲಿಂಗ ಹೊಡೆದ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ನಿಂತ. “ಗ್ಯಾರೇಜ್ ನಾನ ಕಟ್ಟಿ ಕೊಡ್ತೀನಿ, ತಂಗಿ,” ಎಂದವನೇ ತಂದೆಯ ತೋಳು ಹಿಡಿದು ಹೊರಗೆ ನಡೆದ.

ಕೋಣೆಯಲ್ಲಿ ಇಬ್ಬರೇ ಉಳಿದರು.

“ನನಗೂ ಹೊಡಿ, ನೇತ್ರಾ.”

ಹೊಡೆದಳು. ಛಟಾರ್! ಪಕ್ಕೆಲುಬು ನೊಂದು ಅವನು ಉಸಿರು ಹಿಡಿದ.

“ನಿಮ್ಮಣ್ಣ ಗ್ಯಾರೇಜ್ ಒಡದ, ತಡಕೊಂಡೆ. ನೀ ಕೇಳಿದ್ದು ತಡಕೊಳ್ಳಾಕ ಆಗಲಿಲ್ಲ ನನಗ!” ಈಗ ಅವಳಿಗೆ ಅಳು ಬಂತು.

“ಸಾವು ಕಂಡಾಗ ಮೊದಲ ನಿನ್ನ ಹೆಸರ ಬಂತು. ಅದರ ಬೆನ್ನಿಗೆ ಆ ಹೊಲಸ ಮಾತೂ ಬಂತು... ಹೆದರಿದ ಬಾಯಿ ಅದು, ಮನಸಲ್ಲ. ನೀ ಅಂದ್ರ ನನ್ನ ಜೀವ, ನೇತ್ರಾ. ಎದ್ದು ಹೋಗಬ್ಯಾಡ.”

ಅವಳು ಮೂಗು ಒರೆಸಿಕೊಂಡು ಮಂಚದ ಅಂಚಿಗೆ ಕುಳಿತಳು. ಅವನ ಬೆರಳು ಅವಳ ಪಟ್ಟಿ ಕಟ್ಟಿದ ಕೈಯನ್ನು ಹುಡುಕಿತು.

“ಇನ್ನೊಂದ ಸಲ ಟ್ರ್ಯಾಕಿಗೆ ಇಳಿಯೂಮುಂದ ಒಳಗ ನಾನೂ ಇರಾಕಿ,” ಎಂದಳು.

“ಎಲ್ಲಿ ಕೂಡ್ತಿ? ತೂಕ ಇಳೀಲಿ ಅಂತ ಬಾಜೂ ಸೀಟ್ ನೀನ ಬಿಚ್ಚಿ ಒಗದೀಯಲ್ಲ.”

“ಮತ್ತ ಹಾಕ್ತೀನಿ.”

“ಗಾಡಿ ನಿಧಾನ ಆಕ್ಕೈತಿ. ಸೋಲ್ತೀವಿ...”

“ಸೋಲೂಣು.”

ಗುರುಪಾದ ಅವಳ ಕೈಯನ್ನು ತನ್ನ ಕೆನ್ನೆಗೆ, ಅವಳು ಹೊಡೆದ ಕೆನ್ನೆಗೇ ಒತ್ತಿಕೊಂಡ.

“ಹಂಗಾರ ಮೊದಲ ಆ ಸೀಟ್ ಹಾಕು. ಉಳದದ್ದು ಆಮ್ಯಾಲ.”