ಇರುವೆಯ ಕೊನೆಯ ಸರದಿ

ಪೇಂಟರ್‌ಗೆ ಸೊಕ್ಕು ಜಾಸ್ತಿ ಎಂದು ಅವಳು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಅದು ಬರೀ ಸೊಕ್ಕಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿತು.

ಕಾರಿನ ಬಾಗಿಲ ಮೇಲೆ ರೇಸಿನ ನಂಬರ್ ಬರೆಯಲು ಬಂದವನು ಅವನು. ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು, ಏಳರ ಬೆನ್ನನ್ನು ಒಂದೇ ಎಳೆತದಲ್ಲಿ ಕೆಳಗಿಳಿಸುತ್ತಿದ್ದ. ಅವಳು ಪಕ್ಕದಲ್ಲಿ ನಿಂತು ಟೀ ಲೋಟ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ, ಬೇಡ ಎನ್ನಲೂ ಇಲ್ಲ. ಕೈ ಸೋತು ಲೋಟವನ್ನು ಬಾನೆಟ್ ಮೇಲೆ ಕುಕ್ಕಿದಾಗ ಅವನು ಬೆಚ್ಚಿ ತಿರುಗಿದ.

"ಅಯ್ಯೋ, ನೀವು ಯಾವಾಗ ಬಂದ್ರಿ?"

"ನಾನು ಹುಟ್ಟಿದ್ದೇ ಇಲ್ಲಿ," ಎಂದು ಅವಳು ಒಳಗೆ ನಡೆದಳು.

ಗ್ಯಾರೇಜ್ ಅವಳ ಅಪ್ಪನದು. ಅಪ್ಪನ ಬೆರಳುಗಳು ಮರಗಟ್ಟಿದ ಮೇಲೆ ಸ್ಪ್ಯಾನರ್ ಮಗಳ ಕೈಗೆ ಬಂತು, ಅದರ ಬೆನ್ನಿಗೇ 'ಮೇಸ್ತ್ರಿ' ಎಂಬ ಹೆಸರೂ ಬಂತು. ಕಾರಿಗೆ ಇದ್ದ ಹೆಸರು ಇರುವೆ. ಎರಡು ಬಾಗಿಲಿನ, ಮೊಣಕಾಲು ಎದೆಗೆ ತಾಗುವಷ್ಟು ಚಿಕ್ಕ, ಅವಳಿಗಿಂತ ಹಳೆಯ ಕಾರು. ಪ್ರತಿವರ್ಷ ಹಳೆಯ ಕಾರುಗಳಿಗಾಗಿ ಸೂರ್ಯ ಹುಟ್ಟುವಾಗ ಶುರುವಾಗಿ ಮುಳುಗುವಾಗ ಮುಗಿಯುವ ಒಂದು ರೇಸ್ ನಡೆಯುತ್ತಿತ್ತು. ದೊಡ್ಡ ಕಾರುಗಳು ಗೆಲ್ಲುತ್ತಿದ್ದವು. ಇರುವೆಯಂಥದ್ದಕ್ಕೆ ಸೂರ್ಯ ಮುಳುಗುವ ಹೊತ್ತಿಗೆ ಇನ್ನೂ ಓಡುತ್ತಿರುವುದೇ ಗೆಲುವು. ಅಪ್ಪನಿಗೆ ಆ ಗೆಲುವು ಒಂದು ಸಲವೂ ದಕ್ಕಿರಲಿಲ್ಲ. ಒಮ್ಮೆ ಗ್ಯಾಸ್ಕೆಟ್ ಸುಟ್ಟಿತು, ಇನ್ನೊಮ್ಮೆ ವೀಲ್ ಬೇರಿಂಗ್ ಕೈಕೊಟ್ಟಿತು.

ಓಡಿಸುವವನು ಔಷಧದ ಅಂಗಡಿಯಿಟ್ಟಿದ್ದ ಅವಳ ಸೋದರಮಾವ. ಜೊತೆಗೆ ಇನ್ನೊಬ್ಬ ಬೇಕಿತ್ತು. ಮೊದಲೇ ಹೆಸರು ಕೊಟ್ಟ ಇಬ್ಬರು ಮಾತ್ರ ರೇಸಿನಲ್ಲಿ ಓಡಿಸಬಹುದಿತ್ತು. ಪೇಂಟರ್ ಹರೆಯದಲ್ಲಿ ರೇಸ್ ಓಡಿಸಿದ್ದನೆಂದು ತಿಳಿದು, ಮಾವ ಅವನನ್ನು ಟ್ರ್ಯಾಕಿಗೆ ಕರೆದುಕೊಂಡು ಹೋದ. ಅವನು ಒಂದು ಸುತ್ತು ಹಾಕುವಷ್ಟು ಹೊತ್ತೂ ಜೊತೆಗೆ ಹೋಗಿದ್ದ ಅಪ್ಪ ಕಣ್ಣುಮುಚ್ಚಿ ಎಂಜಿನ್ನಿನ ಸದ್ದು ಕೇಳಿದರು. ಒಂದು ಗೇರ್ ಕೂಡ ನರಳಲಿಲ್ಲ.

"ಇವನ ಕಾಲಿಗೆ ಕಿವಿ ಇದೆ," ಎಂದರು. ಅಲ್ಲಿಗೆ ಮಾತು ಮುಗಿಯಿತು.

ಆಮೇಲೆ ಅವನು ದಿನಾ ಬರತೊಡಗಿದ. ಬೋರ್ಡ್ ಬರೆಯುವ ಕೆಲಸ ಮುಗಿಸಿ, ಬೆರಳಿಗಂಟಿದ ಬಣ್ಣ ಸೀಮೆಎಣ್ಣೆಯಲ್ಲಿ ಒರೆಸಿಕೊಳ್ಳುತ್ತಾ ಬರುತ್ತಿದ್ದ. ಅವಳು ಎಂಜಿನ್ ಬಿಚ್ಚಿ ಕಟ್ಟಿದಳು, ಬ್ರೇಕ್ ಪೈಪುಗಳನ್ನು ಬದಲಾಯಿಸಿದಳು, ಸಡಿಲವಾಗಬಹುದಾದ ಬೋಲ್ಟಿಗೆಲ್ಲ ತಂತಿ ಸುತ್ತಿದಳು. ಅವನು ಟಾರ್ಚ್ ಹಿಡಿಯುತ್ತಿದ್ದ.

ಕೆಲಸದ ನಡುವೆ ಅವಳು ಎಷ್ಟು ಸಲ ಓರೆಗಣ್ಣಿನಿಂದ ನೋಡಿದಳೋ. ರೆಂಚಿನ ನೆಪದಲ್ಲಿ ನೋಡಿದಳು, ಕೂದಲು ಸರಿಮಾಡಿಕೊಳ್ಳುವ ನೆಪದಲ್ಲಿ ನೋಡಿದಳು. ಒಂದಕ್ಕೂ ಅವನಿಂದ ಉತ್ತರ ಬರಲಿಲ್ಲ. ಆದರೆ ಎದುರಿಗೆ ನಿಂತರೆ ಮಾತ್ರ ಅವನ ನೋಟ ಕದಲುತ್ತಿರಲಿಲ್ಲ. ಕೆನ್ನೆಯ ಗ್ರೀಸು, ಹುಬ್ಬಿನ ಮೇಲಿನ ಹಳೆಯ ಗಾಯ, ಒಂದೊಂದನ್ನೂ ಬಾಯಿಪಾಠ ಮಾಡುವವನ ಹಾಗೆ ನೋಡುತ್ತಿದ್ದ.

"ಹಾಗೆ ನೋಡಬೇಡಿ. ಕೈ ಜಾರಿ ಸ್ಪ್ಯಾನರ್ ನಿಮ್ಮ ಕಾಲ ಮೇಲೇ ಬೀಳುತ್ತೆ."

"ಬೀಳಲಿ. ಕಾಲು ಎರಡಿದೆ," ಎನ್ನುತ್ತಿದ್ದ.

ಅವಳು ಬೇಕೆಂದೇ ಟಾರ್ಚಿಗೆ ಅಡ್ಡ ನಿಲ್ಲುತ್ತಿದ್ದಳು. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೆಮ್ಮುತ್ತಿದ್ದರು.

ರೇಸಿನ ಬೆಳಿಗ್ಗೆ ಮೊದಲ ಸರದಿ ಮಾವನದು, ಮಧ್ಯಾಹ್ನದ್ದು ಪೇಂಟರ್‌ನದು. ಆಮೇಲೆ ಮತ್ತೆ ಮಾವ, ಸಂಜೆಯ ಕೊನೆಯ ಸರದಿಗೆ ಮತ್ತೆ ಪೇಂಟರ್. ಇರುವೆ ತನ್ನ ಪಾಡಿಗೆ ತಾನು ಗುನುಗುತ್ತಾ ಸುತ್ತು ಹಾಕುತ್ತಿತ್ತು. ಆದರೆ ಪೇಂಟರ್ ಕಾರನ್ನು ಮಾವನಿಗೆ ಒಪ್ಪಿಸಲು ಟ್ರ್ಯಾಕಿನ ಪಕ್ಕದಲ್ಲಿ ಕಾರು ನಿಲ್ಲಿಸುವ ಪಿಟ್ಟಿಗೆ ಬಂದಾಗ ಎಡಬಾಗಿಲು ಉದ್ದಕ್ಕೂ ತರಚಿತ್ತು. ಏಳರ ಅರ್ಧ ಅಳಿಸಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾರಿನವನು ಹೆಲ್ಮೆಟ್ ಕೈಯಲ್ಲಿ ಹಿಡಿದೇ ಬಂದ. ಅವನ ಮುಖ ಬಿಳಿಚಿಕೊಂಡಿತ್ತು.

"ಬಾಗಿಲಿಗೆ ಬಾಗಿಲು ತಾಗೋ ಹಾಗೆ ಪಕ್ಕದಲ್ಲೇ ಇದ್ದೆ. ನನ್ನ ಮೇಲೇ ತಿರುಗಿಸಿದ್ರಲ್ಲ, ಕಾಣಲಿಲ್ವಾ?"

ಪೇಂಟರ್ ಕೈ ಜೋಡಿಸಿ ತಪ್ಪಾಯಿತೆಂದ. ಆ ಕಾರಿನವನು ಹೋದ ಮೇಲೆ ಒಂದು ಟೈರಿನ ಮೇಲೆ ಕುಸಿದು ಕೂತ.

ಅವಳು ನೀರಿನ ಬಾಟಲಿ ಹಿಡಿದು ಅವನ ಎಡಕ್ಕೆ ನಿಂತಳು. ಅವನು ಕದಲಲಿಲ್ಲ. ಬಾಟಲಿಯನ್ನು ನಿಧಾನವಾಗಿ ಮುಂದಕ್ಕೆ ತಂದಳು. ಕಿವಿ ದಾಟಿತು, ಕೆನ್ನೆ ದಾಟಿತು. ಮೂಗಿನ ನೇರಕ್ಕೆ ಬಂದಾಗಷ್ಟೇ ಅವನ ಕಣ್ಣು ಅರಳಿತು. ನಗುತ್ತಾ ಕೈ ಚಾಚಿದ. ಅವಳು ಬಾಟಲಿಯನ್ನು ಅವನ ಕೈಗಿಟ್ಟಳು.

"ಯಾವಾಗಿಂದ?" ಎಂದಳು.

ಅವನು ನಾಟಕವಾಡಲಿಲ್ಲ. "ಸುಮಾರು ದಿನ ಆಯ್ತು. ಎರಡೂ ಕಡೆಯಿಂದ ಕದ ಮುಚ್ಕೊಂಡು ಬರ್ತಿದೆ. ನಡುವೆ ಒಂದು ಸಂದಿ ಉಳಿದಿದೆ. ಸಂಜೆ ಆದ್ರೆ ಅದೂ ಮಬ್ಬು."

ಇದಕ್ಕೆ ಮದ್ದಿಲ್ಲ, ಒಂದು ದಿನ ಪೂರ್ತಿ ಮುಚ್ಚುತ್ತದೆ ಎಂದು ಕಣ್ಣಿನ ಡಾಕ್ಟರ್ ಹೇಳಿದ್ದರಂತೆ. ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡ. ಕುರುಡಾಗುವ ಪೇಂಟರ್‌ಗೆ ಯಾರು ಬೋರ್ಡ್ ಬರೆಯಲು ಕೊಡುತ್ತಾರೆ?

"ಸಂಜೆ ಸರದಿಗೆ ನೀನು ಕೂರಬಾರದು," ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಎದುರಿನ ರಸ್ತೆ ಕಾಣತ್ತೆ. ಇದೊಂದು ಸಲ ಬಿಡು. ಇನ್ಯಾವತ್ತೂ ಕೇಳಲ್ಲ."

"ಪಕ್ಕದಲ್ಲಿ ಬರೋರಿಗೂ ಮನೆ ಮಠ ಇದೆ, ಪೇಂಟರ್."

ಅವನು ತಲೆತಗ್ಗಿಸಿದ. ಆದರೆ ಓಡಿಸುವುದಿಲ್ಲ ಎಂದು ಮಾತ್ರ ಹೇಳಲಿಲ್ಲ.

ಬಿಸಿಲು ಕೆಂಪಾಗುತ್ತಿದ್ದಾಗ ಮಾವ ಪಿಟ್ಟಿಗೆ ಬಂದ. ಸೊಂಟ ಹಿಡಿದುಕೊಂಡಿದ್ದರಿಂದ ಅವನನ್ನು ಇಬ್ಬರು ಎತ್ತಿ ಕೆಳಗಿಳಿಸಬೇಕಾಯಿತು. ಇನ್ನು ತನ್ನಿಂದ ಆಗದು, ಪೇಂಟರ್ ಹೇಗೂ ಇದ್ದಾನಲ್ಲ ಎಂದ. ಪೇಂಟರ್ ಆಗಲೇ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ಇರುವೆ ಇಷ್ಟು ಹೊತ್ತಿನವರೆಗೆ ಹಿಂದೆಂದೂ ಓಡಿರಲಿಲ್ಲ.

ಆಯಿಲ್ ನೋಡುತ್ತೇನೆಂದು ಅವಳು ಬಾನೆಟ್ ಎತ್ತಿದಳು. ಬೆನ್ನು ಅಡ್ಡಮಾಡಿಕೊಂಡು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡಳು. ಹೆಬ್ಬೆರಳಿನಷ್ಟು ಸಾಮಾನು. ಅದಿಲ್ಲದಿದ್ದರೆ ಎಂಜಿನ್ನಿಗೆ ಕಿಡಿ ಹತ್ತುವುದಿಲ್ಲ. ಮುಚ್ಚಳವನ್ನು ಮತ್ತೆ ಹಾಕಿದಳು. ತಾನೇ ಸಾಕಿದ್ದರ ಕತ್ತು ಹಿಸುಕಿದ ಹಾಗಾಯಿತು.

ಪೇಂಟರ್ ಸ್ಟಾರ್ಟರ್ ಎಳೆದ. ಎಂಜಿನ್ ತಿರುಗಿತು, ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಎಳೆದ. ಬ್ಯಾಟರಿ ಸೋಲುವವರೆಗೂ ಎಳೆದ.

ಅಪ್ಪ ಹತ್ತಿರ ಬಂದು ತಲೆ ವಾಲಿಸಿ ಕೇಳಿಸಿಕೊಂಡರು. ಮಗಳ ಮುಖ ನೋಡಿದರು, ಆಮೇಲೆ ಕಾರಿನೊಳಗೆ ಕೂತವನ ಮುಖ ನೋಡಿದರು. ರೇಸಿನವರು ಏನಾಯಿತೆಂದು ಕೇಳಲು ಬಂದಾಗ ಅವರೇ ಮುಂದೆ ಹೋದರು.

"ಎಂಜಿನ್ ಹೋಯ್ತು. ನಮ್ಮದು ಮುಗೀತು," ಎಂದರು. ವಾಪಸ್ ಬರುವಾಗ ಮಗಳ ಬಳಿ ತಡೆದು, ಅವಳಿಗಷ್ಟೇ ಕೇಳುವಂತೆ, "ಜೇಬಲ್ಲಿರೋದನ್ನ ಜೋಪಾನ ಮಾಡು ಮಗಳೇ," ಎಂದರು.

ಉಳಿದ ಕಾರುಗಳು ಹೆಡ್‌ಲೈಟ್ ಹಾಕಿಕೊಂಡು ಕೊನೆಯ ಸುತ್ತುಗಳನ್ನು ಹಾಕುತ್ತಿದ್ದವು. ಪೇಂಟರ್ ವ್ಯಾನಿನ ಹಿಂದೆ ಗೋಡೆಗೆ ಒರಗಿ ನಿಂತಿದ್ದ. ಅವಳು ನೇರ ಅವನ ಎದುರು ಹೋಗಿ ನಿಂತಳು.

"ಕಾರು ಕೆಟ್ಟಿರಲಿಲ್ಲ, ಅಲ್ವಾ?" ಎಂದು ಅವನು ಕೇಳಿದ.

ಅವಳು ಜೇಬಿನೊಳಗಿನ ರೋಟರನ್ನು ಮುಷ್ಟಿಯಲ್ಲಿ ಹಿಡಿದಳು.

"ನನಗೆ ಅಂತ ಉಳಿದಿದ್ದು ಅದೊಂದೇ ಆಗಿತ್ತು, ಮೇಸ್ತ್ರಿ."

"ನಾನಿದ್ದೀನಲ್ಲ. ನನ್ನ ಮದುವೆ ಆಗು. ಕೈ ಹಿಡ್ಕೊಂಡು ಓಡಾಡೋಣ. ಜನ ಪ್ರೀತಿಗೆ ಅಂತಾನೇ ತಿಳ್ಕೋತಾರೆ."

ಅವನು ನಕ್ಕ. ನಗುತ್ತಲೇ ಅತ್ತ. ಬಣ್ಣದ ವಾಸನೆಯ ಬೆರಳುಗಳನ್ನು ಅವಳ ಹಣೆಯಿಂದ ಗಲ್ಲದವರೆಗೆ ಮೆಲ್ಲಗೆ ಇಳಿಸಿದ.

"ನಿನ್ನನ್ನ ನೋಡೋಕೆ ಅಂತ ಬರ್ತಿದ್ದವನು ನಾನು. ನಿನ್ನ ಮುಖ ದಿನಾ ಇಷ್ಟಿಷ್ಟೇ ಅಳಿಸಿಹೋಗೋದನ್ನ ನಿನ್ನ ಪಕ್ಕದಲ್ಲೇ ಕೂತು ನೋಡು ಅಂತೀಯಾ? ನನ್ನ ಕೈಲಾಗಲ್ಲ. ಬೈಕೋ, ಹೇಡಿ ಅನ್ನು. ಆಗಲ್ಲ."

ಅವಳು ಬೈದಳು. ಎದೆಗೆ ಗುದ್ದಿದಳು, ಅದೇ ಎದೆಗೆ ಮುಖ ಒತ್ತಿದಳು. ಅವನು ಅವಳ ನೆತ್ತಿಗೆ ಮುತ್ತಿಟ್ಟ. ಆದರೆ ಮಾತು ಬದಲಿಸಲಿಲ್ಲ.

ಕೆಲವು ವಾರಗಳಾದ ಮೇಲೆ ದೂರದೂರಿನಿಂದ ಅವನ ಅಕ್ಕ ಬಂದಳು. ತಮ್ಮನನ್ನು ತನ್ನ ಮನೆಗೇ ಕರೆದುಕೊಂಡು ಹೋಗಲು ಬಂದಿದ್ದಳು. ಮೇಸ್ತ್ರಿ ಇಬ್ಬರನ್ನೂ ಇರುವೆಯಲ್ಲಿ ಬಸ್ ಸ್ಟ್ಯಾಂಡಿಗೆ ಬಿಟ್ಟಳು. ದಾರಿಯುದ್ದಕ್ಕೂ ಅವನು ಎಂಜಿನ್ನಿನ ಸದ್ದು ಕೇಳುತ್ತಾ ಕೂತಿದ್ದ. ಮೂರನೇ ಗೇರಿನಲ್ಲಿ ಅವಳು ಅವಸರ ಮಾಡುತ್ತಾಳೆಂದು ಒಮ್ಮೆ ಹೇಳಿದ. ಅಷ್ಟೇ ಮಾತು.

ಅಕ್ಕ ಮೊದಲು ಹತ್ತಿದಳು. ಅವನು ಬಸ್ಸಿನ ಮೆಟ್ಟಿಲನ್ನು ಕಾಲಲ್ಲಿ ತಡವಿ ಹುಡುಕಿ, ಕಂಬಿ ಹಿಡಿದು ತಿರುಗಿದ. ಜನರ ನಡುವೆ ಅವಳು ಎಲ್ಲಿ ನಿಂತಿದ್ದಾಳೆಂದು ಅವನ ಕಣ್ಣು ತಡಕಾಡಿತು. ಸಿಕ್ಕಳು.

"ಹೋಗ್ತೀನಿ," ಎಂದ.

"ಹೋಗ್ತೀನಿ ಅನ್ನಬಾರದು. ಬರ್ತೀನಿ ಅನ್ನು."

ಅವನು ಬಾಯಿ ತೆರೆದ. ಅವಳು ಕಾದಳು. ಕಂಡಕ್ಟರ್ ಸೀಟಿ ಊದಿದ. ಆ ಒಂದು ಸುಳ್ಳನ್ನೂ ಅವನು ಅವಳಿಗೆ ಹೇಳಲಿಲ್ಲ.

ಗ್ಯಾರೇಜಿಗೆ ಮರಳಿದಾಗ ಅಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಹುಡುಗ ಹೊರಡುವಾಗ ಏನಂದ ಎಂದು ಕೇಳಿದರು.

ಅವಳು ಎಂಜಿನ್ ಆರಿಸಿ, ಸ್ಟಿಯರಿಂಗ್ ಬಿಡದೆ ಕೂತಿದ್ದಳು.

"ಬರ್ತೀನಿ ಅಂದ ಅಪ್ಪಾ."